ಹೂಗ್ಯಂ ಕಾಡಿನ ಒಲೆ

ಕೊಳ್ಳೇಗಾಲ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ಕಾಡಿನ ಗಡಿ ಅಳೆಯಲು ಹೋದ ನಾನೂ ಗಾರ್ಡ್ ಮಾರಯ್ಯನೂ ಹೂಗ್ಯಂ ಮೇಲಿನ ಬಿದಿರುಮೆಳೆಗಳ ನಡುವೆ ಸಂಜೆ ಡೇರೆ ಹಾಕಿದೆವು. ಅಲ್ಲಿ ಯಾರೋ ಹೂಡಿದ್ದ ಮೂರು ಕಲ್ಲಿನ ಒಲೆಯಿತ್ತು. ಬೂದಿಯ ಮೇಲೆ ಹುಲ್ಲು ಬೆಳೆದಿದ್ದರೂ ಕಲ್ಲುಗಳು ಬೆಚ್ಚಗಿದ್ದವು.

"ಇದ್ರಲ್ಲಿ ಬೇಯ್ಸದು ಬ್ಯಾಡ ಸಾ," ಎಂದ ಮಾರಯ್ಯ. "ಕಾಡು ಬುಟ್ಟು ಓಗೋರು ಒಲೇದು ಒಂದು ಗುಂಡ್ಕಲ್ಲ ಉರುಳ್ಸಿ ಓಯ್ತಾರೆ. ಇಲ್ಲಿದ್ದೋರು ಇನ್ನೂ ಓಗಿಲ್ಲ."

ನಾನು ನಕ್ಕು ಅದರಲ್ಲೇ ಅನ್ನಕ್ಕಿಟ್ಟೆ.

ಮಲಗಿದಾಗ ಡೇರೆಯ ಬಟ್ಟೆ ನನ್ನ ಮಗ್ಗುಲಲ್ಲಿ ಒಳಕ್ಕೆ ಉಬ್ಬಿತ್ತು, ಯಾರೋ ಹೊರಗೆ ಕೂತು ಬೆನ್ನು ಒರಗಿಸಿದ ಹಾಗೆ. ಮುಟ್ಟಿದೆ. ಬೆಚ್ಚಗಿತ್ತು.

"ಮಾರಯ್ಯ, ಚಳೀಲಿ ಆಚೆ ಯಾಕೆ ಕೂತಿದ್ದೀಯ?"

"ನಾನಿಲ್ಲೇ ಇವ್ನಿ ಸಾ," ಎಂದು ಅವನು ನನ್ನ ಕಾಲ ಬಳಿಯಿಂದ ಪಿಸುಗುಟ್ಟಿದ.

ಬೆಳಿಗ್ಗೆ ಡೇರೆಯೆಲ್ಲ ಇಬ್ಬನಿಗೆ ತೊಯ್ದಿತ್ತು. ಒಂದು ಬೆನ್ನಿನಗಲ ಜಾಗ ಮಾತ್ರ ಒಣಗಿತ್ತು. ನನಗೆ ಸಿಟ್ಟು ಬಂದು ಒಲೆಯ ಕಲ್ಲೊಂದನ್ನು ಒದೆಯಲು ಹೋದೆ.

"ಉರುಳ್ಸಬ್ಯಾಡಿ ಸಾ, ಅವ್ರು ಇಲ್ಲೇ ಇರ್ಲಿ," ಎಂದು ಮಾರಯ್ಯ ಕೈಮುಗಿದ. ಅಷ್ಟರಲ್ಲಿ ಕಲ್ಲು ಉರುಳಿತ್ತು.

ಅಂದು ಡೇರೆಯನ್ನು ಊರೊಳಗೆ, ಮನೆಗಳ ಪಕ್ಕದ ಕಣದಲ್ಲಿ ಹಾಕಿದೆವು. ಮರುದಿನ ಎದ್ದು ನೋಡಿದರೆ ಬಟ್ಟೆ ಇಬ್ಬನಿಯ ಭಾರಕ್ಕೆ ಜೋತುಬಿದ್ದಿತ್ತು. ನಾನು ಮಲಗಿದ್ದ ಮಗ್ಗುಲಲ್ಲಿ ಮಾತ್ರ, ಬೆನ್ನಿನಗಲ, ಒದ್ದೆಯಾಗಿರಲಿಲ್ಲ.