ಮೂವತ್ತೈದು ಡಿಗ್ರಿ ದಾಟಿದ ಎಣ್ಣೆ

ಬಣ್ಣದ ಕಾರ್ಖಾನೆಯ ಅಂಗಳದ ಹಗ್ಗದ ಮೇಲೆ ನಲವತ್ತು ಗಜ ಕೆಂಪು ಬಟ್ಟೆ ಒಣಗುತ್ತಿತ್ತು. ಅದರ ಮೈತುಂಬ ಅಂಗೈಯಗಲದ ಕಲೆಗಳು. ಎಣ್ಣೆ ಕೋಣೆಯ ಕಿಟಕಿಯಿಂದ ಅವಳು ಅವುಗಳನ್ನು ಎಣಿಸಿದಳು.

ಬಟ್ಟೆಗೆ ಬಣ್ಣ ಹಾಕಿದವನು ಅಲ್ಲೇ ನಿಂತು ಒಂದೊಂದು ಕಲೆಯನ್ನೂ ಮುಟ್ಟಿ ನೋಡುತ್ತಿದ್ದ. ವಯಸ್ಸು ಮೂವತ್ತು ದಾಟದಿದ್ದರೂ ಕಾರ್ಖಾನೆಯವರೆಲ್ಲ ಅವನನ್ನು ಬಣ್ಣದ ಮೇಷ್ಟ್ರು ಎನ್ನುತ್ತಿದ್ದರು. ಅವನು ಕಿಟಕಿಯತ್ತ ತಿರುಗಿ ನಗಲು ನೋಡಿದ. ಅವಳು ತಟ್ಟನೆ ತಲೆ ತಗ್ಗಿಸಿದಳು.

ಮೂರು ದಿನದಿಂದ ಇದೇ ಕಥೆ. ಅವಳು ಮುನಿಸಿಕೊಂಡಿದ್ದಾಳೆಂದು ಅವನು ತಿಳಿದುಕೊಂಡಿದ್ದ, ಪಾಪ. ನಿನ್ನೆ ಬಾಗಿಲಿಗೇ ಬಂದು ನನ್ನಿಂದೇನಾದರೂ ತಪ್ಪಾಯಿತೇ ಎಂದು ಕೇಳಿದ್ದ. ಅವಳು ಇಲ್ಲವೆಂದು ತಲೆಯಾಡಿಸಿ ಬಾಗಿಲು ಹಾಕಿಕೊಂಡಿದ್ದಳು. ತಪ್ಪು ಅವಳದಾಗಿತ್ತು, ಅದನ್ನು ಹೇಳುವ ಧೈರ್ಯ ಮಾತ್ರ ಬರಲೊಲ್ಲದು.

ಬಣ್ಣ ಕಲೆಯಿಲ್ಲದೆ ಸಮವಾಗಿ ಹಿಡಿಯಲೆಂದು ಮುಂಚೆಯೇ ಬಟ್ಟೆಗೆ ಹಿಡಿಸುವ ರೆಡ್ ಆಯಿಲ್ ಮಾಡುವುದು ಅವಳ ಮತ್ತು ಅವಳ ಸೋದರಮಾವನ ಕೆಲಸ. ಸುತ್ತ ಐಸ್ ತುಂಬಿದ ತೊಟ್ಟಿಯಲ್ಲಿ ಹರಳೆಣ್ಣೆ ತಿರುಗುತ್ತಿರುತ್ತದೆ. ಅದಕ್ಕೆ ಆಸಿಡ್ಡನ್ನು ಹನಿಹನಿಯಾಗಿ, ಗಂಟೆಗಟ್ಟಲೆ ಬಿಡಬೇಕು. ಥರ್ಮಾಮೀಟರ್ ಮೂವತ್ತೈದು ದಾಟಿತೋ, ಎಣ್ಣೆ ಕೆಟ್ಟಿತು. ಅದರ ಮೇಲೆ ಕಣ್ಣಿಡುವುದೇ ಅವಳ ಪಾಲಿನ ಕೆಲಸ. ಆರು ವರ್ಷದಲ್ಲಿ ಒಮ್ಮೆಯೂ ಕಣ್ಣು ತಪ್ಪಿರಲಿಲ್ಲ.

ಹೋದ ವಾರ ತಪ್ಪಿತು. ಮಾವ ಐಸ್ ತರಲು ಹೋಗಿದ್ದಾಗ ಮೇಷ್ಟ್ರು ಬಾಗಿಲಲ್ಲಿ ಬಂದು ನಿಂತ. ಹಣೆ ಒರೆಸಿಕೊಳ್ಳಲು ಹೋಗಿ ಮೂಗಿನ ಮೇಲೆ ಉದ್ದಕ್ಕೆ ಕೆಂಪು ಬಳಿದುಕೊಂಡಿದ್ದ, ಅದು ಅವನಿಗೇ ಗೊತ್ತಿರಲಿಲ್ಲ. ಅವಳು ನಗು ತಡೆಯಲು ತುಟಿ ಕಚ್ಚಿದಳು. ಅವನು ಹುಬ್ಬು ಹಾರಿಸಿ ಏನೆಂದು ಕೇಳಿದ. ಅವಳು ಏನಿಲ್ಲವೆಂದು ಕಣ್ಣಲ್ಲೇ ಹೇಳಿದಳು. ಅವನು ಬಿಡಲಿಲ್ಲ, ಇನ್ನೊಂದು ಹುಬ್ಬನ್ನೂ ಹಾರಿಸಿದ. ಆ ಮೂಗು, ಆ ಹುಬ್ಬು, ನೋಡಿದಷ್ಟೂ ಸಾಲದು ಅನ್ನಿಸಿತು. ತಿರುಗಿ ನೋಡುವಾಗ ಪಾದರಸ ನಲವತ್ತೆಂಟರಲ್ಲಿತ್ತು, ಎಣ್ಣೆ ಕಪ್ಪಗಾಗುತ್ತಿತ್ತು.

ಮಾವ ಬರುವುದರೊಳಗೆ ಆಸಿಡ್ ನಿಲ್ಲಿಸಿ ತೊಟ್ಟಿಯ ಮುಚ್ಚಳ ಹಾಕಿದಳು. ಮಾವನ ಸಿಟ್ಟು ಅವಳಿಗೆ ಗೊತ್ತಿದ್ದದ್ದೇ. ಮರುದಿನ ಆ ಎಣ್ಣೆಯನ್ನು ಉಪ್ಪುನೀರಿನಲ್ಲಿ ತೊಳೆದು, ಸೋಡಾ ಹಾಕಿ, ಯಾರೂ ಇಲ್ಲದ ಹೊತ್ತು ನೋಡಿ ಒಳ್ಳೆಯ ಎಣ್ಣೆಯ ಡ್ರಮ್ಮಿಗೆ ಸುರಿದುಬಿಟ್ಟಳು. ಬೆರೆತರೆ ಯಾರಿಗೆ ತಿಳಿಯುತ್ತದೆ ಅಂದುಕೊಂಡಳು. ತಿಳಿದದ್ದು ಬಟ್ಟೆಗೆ.

ಈಗ ಮಾವ ಸುದ್ದಿ ತಂದ. ಮೂರನೆಯ ಸಲವೂ ಕಲೆ ಬಿದ್ದಿದೆ, ಮಾಲೀಕರು ಬಂದಿದ್ದಾರೆ, ಮೇಷ್ಟ್ರನ್ನು ಇವತ್ತೇ ಕೆಲಸದಿಂದ ಕಳಿಸುತ್ತಾರಂತೆ. ಒಳ್ಳೆಯ ಹುಡುಗ, ಯಾಕೆ ಹೀಗೆ ಕೈ ಕೆಟ್ಟಿತೋ ಎಂದು ಮರುಗಿದ.

ಹೇಳಿದರೆ ಅವಳ ಕೆಲಸ ಹೋಗುತ್ತದೆ, ಅವನು ಮುಖ ತಿರುಗಿಸುತ್ತಾನೆ. ಹೇಳದಿದ್ದರೆ ಅವನೇ ಹೋಗುತ್ತಾನೆ. ಅವಳು ಒಂದು ಲೋಟ ನೀರು, ಆ ಡ್ರಮ್ಮಿನ ಒಂದು ಸೌಟು ಎಣ್ಣೆ ಹಿಡಿದು ಅಂಗಳಕ್ಕೆ ನಡೆದಳು. ದಾರಿಯುದ್ದಕ್ಕೂ ನೀರು ತುಳುಕಿತು. ಮಾವನೂ ಹಿಂದೆ ಬಂದ.

ಮೇಷ್ಟ್ರ ಪಕ್ಕ ನಿಂತಿದ್ದ ಮಾಲೀಕರ ಎದುರಿಗೆ ಎಣ್ಣೆಯನ್ನು ಲೋಟಕ್ಕೆ ಬಿಟ್ಟಳು. ನೀರಲ್ಲಿ ಕರಗಬೇಕಾದದ್ದು ಗುಳ್ಳೆ ಗುಳ್ಳೆಯಾಗಿ ತೇಲಿತು. ಎಣ್ಣೆ ಕಾದು ಕೆಟ್ಟಿದ್ದು, ತಾನು ಮುಚ್ಚಿಟ್ಟದ್ದು, ಎಲ್ಲವನ್ನೂ ತೊದಲುತ್ತ ಹೇಳಿ ಮುಗಿಸಿದಳು.

ಮಾಲೀಕರು ಗಟ್ಟಿ ಹೆಂಗಸು. "ಥರ್ಮಾಮೀಟರ್ ನೋಡೋದೇ ನಿನ್ನ ಕೆಲಸ. ಕಣ್ಣೆಲ್ಲಿತ್ತು?" ಎಂದರು.

ಸುಳ್ಳು ಹೇಳಲು ಅವಳಲ್ಲಿ ಇನ್ನು ಶಕ್ತಿ ಉಳಿದಿರಲಿಲ್ಲ.

"ಇವರ ಮೇಲಿತ್ತು."

ಮಾವ ನೆಲ ನೋಡಿದ. ಮಾಲೀಕರು ಇಬ್ಬರನ್ನೂ ಒಂದು ಸಲ ನೋಡಿ, ಮೇಷ್ಟ್ರು ಇರಲಿ, ನೀನು ಎಣ್ಣೆ ಕೋಣೆಗೆ ಕಾಲಿಡಬೇಡ, ನಾಳೆಯಿಂದ ಬಟ್ಟೆ ಮಡಿಸುವ ಕಡೆ ಹೋಗು ಎಂದು ಹೇಳಿ ಹೊರಟರು. ಆರು ವರ್ಷದ ವಿದ್ಯೆ ಒಂದೇ ಮಾತಿಗೆ ಕೈಬಿಟ್ಟುಹೋಯಿತು.

ಮಾವ ಅವರ ಹಿಂದೆಯೇ ಹೋದ. ಒದ್ದೆ ಬಟ್ಟೆಗಳ ನಡುವೆ ಅವಳೂ ಮೇಷ್ಟ್ರೂ ಇಬ್ಬರೇ ಉಳಿದರು. ಅವನ ಮುಖ ನೋಡಲು ಅವಳಿಗೆ ಅಂಜಿಕೆಯಾಯಿತು.

"ಮೂರು ದಿನ ನಿದ್ದೆ ಮಾಡಿಲ್ಲ ನಾನು," ಎಂದ ಅವನು. "ನಮ್ಮಪ್ಪಂಗೆ ಹೀಗೇ ಆಗಿತ್ತು. ಒಂದು ದಿನ ಬಣ್ಣವೇ ಕಾಣದ ಹಾಗಾಯ್ತು. ನಂಗೂ ಅದೇ ಕಾಯಿಲೆ ಬಂತು ಅಂದ್ಕೊಂಡೆ."

ಅವಳಿಗೆ ಅಳು ಉಕ್ಕಿಬಂತು. ತನ್ನ ಭಯವೊಂದೇ ದೊಡ್ಡದೆಂದು ಇಷ್ಟು ದಿನ ಅದನ್ನೇ ಅಪ್ಪಿಕೊಂಡು ಕೂತಿದ್ದಳು.

"ಸಿಟ್ಟು ಬಂದಿದ್ಯಾ?"

"ತುಂಬಾ ಬಂದಿದೆ," ಎಂದು ಅವನು ಅವಳ ಕೈ ಹಿಡಿದ. ಗಟ್ಟಿಯಾಗಿ, ನೋಯುವಷ್ಟು. "ಇನ್ನು ಹೆದರಿಕೆ ಆದ್ರೆ ಮೊದಲು ನನ್ ಹತ್ರ ಹೇಳು. ನಾನೂ ಹೇಳ್ತೀನಿ."

"ಈಗಲೂ ಆಗ್ತಿದೆ."

"ಯಾಕೆ?"

"ಮಾವ ವಾಪಸ್ ಬರ್ತಿದ್ದಾರೆ."

ಅವನು ತಿರುಗಿ ನೋಡಿದ. ಮಾವ ಅಂಗಳ ದಾಟಿ ಇತ್ತಲೇ ಬಿರಬಿರನೆ ಬರುತ್ತಿದ್ದ.

"ನಂಗೂ ಆಗ್ತಿದೆ," ಎಂದ ಅವನು. ಕೈ ಮಾತ್ರ ಬಿಡಲಿಲ್ಲ.