ಕುಸುಮ ಕಟ್ಟಿದ ಕುಚ್ಚು

“ಇದು ನನ್ ಗಂಟಲ್ಲ,” ಎಂದಳು ಕುಸುಮ.

ನೇರಳೆ ಬಣ್ಣದ ರೇಷ್ಮೆ ಸೀರೆಯ ಸೆರಗು ಅವಳ ಮಡಿಲಲ್ಲಿತ್ತು. ಸೆರಗಿನ ತುದಿಗೆ ಸಾಲಾಗಿ ಕುಚ್ಚು ಕಟ್ಟಿತ್ತು. ಒಂದೊಂದೇ ಕುಚ್ಚಿನ ಗಂಟನ್ನು ಮುಟ್ಟಿ ನೋಡುತ್ತಾ ಬಂದ ಅವಳ ಬೆರಳು ಒಂದು ಕಡೆ ನಿಂತುಬಿಟ್ಟಿತ್ತು. ಮುಂದೆ ಹೋಯಿತು, ಮತ್ತೆ ನಿಂತಿತು.

“ಇದೂ ಅಲ್ಲ.”

ಎದುರಿಗೆ ಕೂತಿದ್ದ ಇಂಚರ ಗಾಬರಿಯಾದಳು. ಕುಸುಮಳಿಗೆ ಕಣ್ಣು ಕಾಣಿಸುವುದಿಲ್ಲ. ಹಾಗಾಗಿ ಅವಳಿಗೆ ಇದು ಗೊತ್ತಾಗುವುದೇ ಇಲ್ಲ ಎಂದು ಇಂಚರ ಧೈರ್ಯವಾಗಿದ್ದಳು. ಪೆದ್ದು ಲೆಕ್ಕ ಅಂದರೆ ಇದೇ.

ಇಂಚರ ಆರನೇ ಕ್ಲಾಸು. ಅವಳ ಮನೆ ಕೊಳ್ಳೇಗಾಲ ಪೇಟೆಯಲ್ಲಿ. ಅಪ್ಪ ಗಣೇಶ್, ತಾತ ನಂಜುಂಡಯ್ಯ ಇಬ್ಬರೂ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುವವರು. ಅಪ್ಪನ ತಂಗಿ ಯಶೋದತ್ತೆ ಮಾತ್ರ ಮಗ್ಗ ಬಿಟ್ಟು ಟೀಚರ್ ಆದವರು. ಊರಾಚೆ ಹನೂರು ರಸ್ತೆಯಲ್ಲಿರುವ ‘ಮಕ್ಕಳ ಮನೆ’ಯಲ್ಲಿ ಅವರಿಗೆ ಕೆಲಸ. ಅಪ್ಪ ಅಮ್ಮ ಇಲ್ಲದ ಇಪ್ಪತ್ತಾರು ಮಕ್ಕಳು ಅಲ್ಲಿದ್ದಾರೆ. ಕೆಲವರಿಗೆ ಕಣ್ಣು ಕಾಣಿಸುವುದಿಲ್ಲ, ಕೆಲವರಿಗೆ ಕಿವಿ ಕೇಳಿಸುವುದಿಲ್ಲ, ಕೆಲವರಿಗೆ ನಡೆಯಲು ಆಗುವುದಿಲ್ಲ. ದಸರಾ ರಜೆಯಲ್ಲಿ ಮೊಬೈಲ್ ಹಿಡಿದು ಕೂರುವ ಬದಲು ಅಲ್ಲಿ ಬಂದು ಕೈಲಾದ ಕೆಲಸ ಮಾಡು ಎಂದು ಅತ್ತೆ ಇಂಚರಳನ್ನು ದಿನಾ ಕರೆದುಕೊಂಡು ಹೋಗುತ್ತಿದ್ದರು.

ಮೊದಲ ದಿನ ಇಂಚರಳಿಗೆ ಭಯವಿತ್ತು. ಅಲ್ಲಿನ ಮಕ್ಕಳೆಲ್ಲ ಸಪ್ಪಗೆ ಕೂತಿರುತ್ತಾರೆ, ಅವರನ್ನು ನೋಡಿದರೆ ತನಗೆ ಅಳು ಬರುತ್ತದೆ ಅಂದುಕೊಂಡಿದ್ದಳು. ಹೋಗಿ ಹತ್ತು ನಿಮಿಷಕ್ಕೆ, ವೀಲ್‌ಚೇರಿನಲ್ಲಿದ್ದ ಕುಮಾರಸ್ವಾಮಿ ಎಂಬ ಹುಡುಗ ಅವಳನ್ನು ಕೇರಂನಲ್ಲಿ ಚೆನ್ನಾಗಿ ಸೋಲಿಸಿ, ಇನ್ನೊಂದು ಗೇಮ್ ಆಡ್ತೀಯೋ ಇಲ್ಲ ಅತ್ತೆ ಹತ್ತಿರ ಹೋಗ್ತೀಯೋ ಎಂದು ಕೇಳಿದ. ಭಯ ಹೋಗಿ ಸಿಟ್ಟು ಬಂತು. ಸಿಟ್ಟು ಹೋದಮೇಲೆ ಎಲ್ಲರೂ ಫ್ರೆಂಡ್ಸ್ ಆದರು.

ಇಂಚರಳಿಗೆ ಕುಚ್ಚು ಕಟ್ಟಲು ಬರುತ್ತದೆ ಎಂದು ಗೊತ್ತಿದ್ದ ಅತ್ತೆ, ಇಲ್ಲಿನ ಹುಡುಗಿಯರಿಗೂ ಕಲಿಸು ಅಂದರು. ಸೀರೆಯ ಸೆರಗಿನ ತುದಿಯಲ್ಲಿ ನೇಯದೆ ಬಿಟ್ಟ ಎಳೆಗಳಿರುತ್ತವೆ. ಅವನ್ನು ಸಮನಾಗಿ ಪಾಲು ಮಾಡಿ, ಒಂದೊಂದು ಪಾಲಿಗೂ ಒಂದೇ ಮಟ್ಟದಲ್ಲಿ ಗಂಟು ಹಾಕಬೇಕು. ಕೇಳಲು ಸುಲಭ. ನಾಲ್ಕು ಹುಡುಗಿಯರು ಶುರುಮಾಡಿ, ಮೂವರು ಎರಡೇ ದಿನಕ್ಕೆ ಕೈಬಿಟ್ಟರು. ಬಿಡದೆ ಕೂತವಳು ಕುಸುಮ ಒಬ್ಬಳೇ. ಅವಳಿಗೂ ಹನ್ನೊಂದೇ ವರ್ಷ. ಸೆರಗಿನ ಅಂಚಿಗೆ ಕಿರುಬೆರಳು ಇಟ್ಟು ಅಳತೆ ನೋಡಿಕೊಂಡು ಗಂಟು ಬಿಗಿಯುವುದನ್ನು ಅವಳು ತಾನೇ ಕಂಡುಕೊಂಡಿದ್ದಳು.

ಅದನ್ನು ನೋಡಿ ಅಡುಗೆಯ ಪುಟ್ಟಮಾದಮ್ಮ ಟ್ರಂಕಿನಿಂದ ಈ ನೇರಳೆ ಸೀರೆ ತೆಗೆದುಕೊಂಡು ಬಂದರು. ಕುಸುಮಳನ್ನು ಮೂರು ವರ್ಷದ ಮಗುವಾಗಿದ್ದಾಗಿನಿಂದ ಸಾಕಿದವರು ಈ ಪುಟ್ಟಜ್ಜಿ. ಭಾನುವಾರ ಶಾಗ್ಯದಲ್ಲಿ ಅವರ ಮೊಮ್ಮಗಳ ಮದುವೆ. ಕುಚ್ಚು ನೀನೇ ಕಟ್ಟಬೇಕು, ಇದು ನಮ್ಮ ಕುಸುಮ ಕಟ್ಟಿದ್ದು ಎಂದು ನೆಂಟರಿಗೆಲ್ಲ ತೋರಿಸುತ್ತೇನೆ ಎಂದು ಅವಳ ತಲೆ ಸವರಿದ್ದರು. ಅವತ್ತಿನಿಂದ ಕುಸುಮಳಿಗೆ ಊಟ ತಿಂಡಿ ನೆನಪಿಲ್ಲ.

ಒಂದೊಂದು ಗಂಟು ಹಾಕಿದಾಗಲೂ ಅವಳು ಕೇಳುತ್ತಿದ್ದಳು, “ಎಂಗದೆ?”

“ಸೂಪರ್ ಕಣೇ,” ಅನ್ನುತ್ತಿದ್ದಳು ಇಂಚರ.

ಹೆಚ್ಚಿನವು ನಿಜವಾಗಿಯೂ ಚೆನ್ನಾಗಿದ್ದವು. ಒಂಬತ್ತು ಮಾತ್ರ ಚೆನ್ನಾಗಿರಲಿಲ್ಲ. ಒಂದು ಮೇಲೆ, ಒಂದು ಕೆಳಗೆ, ಒಂದು ದಪ್ಪ, ಒಂದು ಸಣಕಲು. ಹೇಳಲು ಇಂಚರಳಿಗೆ ಬಾಯಿ ಬರಲಿಲ್ಲ. ಪಾಪ, ಕಣ್ಣು ಕಾಣದವಳು, ಇಷ್ಟು ಮಾಡಿದ್ದೇ ದೊಡ್ಡದು ಅನ್ನಿಸಿತು.

ಇಂಚರಳ ಮನೆಯಲ್ಲಿ ಒಂದು ಪದ್ಧತಿ ಇದೆ. ಬೇರೆಯವರ ಹತ್ತಿರ ಕಟ್ಟಿಸಿದ ಕುಚ್ಚನ್ನು, ಸೀರೆ ಅಂಗಡಿಗೆ ಹೋಗುವ ಮೊದಲು ಅವಳೇ ನೋಡುತ್ತಾಳೆ. ಸರಿ ಇಲ್ಲದ್ದನ್ನು ಬಿಚ್ಚಿ ಮತ್ತೆ ಕಟ್ಟುತ್ತಾಳೆ. ಯಾರು ಕಟ್ಟಿದ್ದು ಎಂದು ಕೇಳುವುದಿಲ್ಲ. ಸೀರೆ ಚೆನ್ನಾಗಿ ಕಂಡರೆ ಮುಗಿಯಿತು.

ಶನಿವಾರ ಮಧ್ಯಾಹ್ನ ಕುಸುಮ ಊಟಕ್ಕೆ ಹೋದಾಗ ಇಂಚರ ಅದನ್ನೇ ಮಾಡಿದಳು. ಸೂಜಿ ಮೊನೆಯಿಂದ ಒಂಬತ್ತೂ ಗಂಟು ಬಿಚ್ಚಿ, ನೀಟಾಗಿ ಕಟ್ಟಿ, ಸೆರಗನ್ನು ಇದ್ದ ಹಾಗೇ ಮಡಚಿಟ್ಟಳು. ಒಳ್ಳೆಯ ಕೆಲಸ ಮಾಡಿದ ಖುಷಿಯಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು.

ಈಗ ಕುಸುಮಳ ಬೆರಳು ಆ ಒಂಬತ್ತನ್ನೂ ಹುಡುಕಿ ತೆಗೆದಿತ್ತು.

“ಯಾರು ಕಟ್ಟಿದ್ದು?”

ಗೊತ್ತಿಲ್ಲ ಅಂದುಬಿಡೋಣ ಅನ್ನಿಸಿತು. ಆದರೆ ಅಲ್ಲಿ ಕುಚ್ಚು ಕಟ್ಟಲು ಬರುವವರು ಇಬ್ಬರೇ.

“ನಾನೇ. ಅವು ಸೊಟ್ಟ ಇದ್ವು ಕಣೇ.”

“ಎಲ್ಲಾನೂ ಸೂಪರ್ ಅಂದಿದ್ದೆ?”

ಇಂಚರ ಸೂಜಿಯನ್ನು ಬೆರಳಲ್ಲಿ ತಿರುಗಿಸುತ್ತಾ ಕೂತಳು.

“ಸೊಟ್ಟ ಅದೆ ಅಂತ ಯೇಳಿದ್ರೆ ನಾನೇ ಬಿಚ್ತಿದ್ದೆ. ನಂಗೆ ಕಣ್ಣು ಕಾಣ್ಸಲ್ಲ ಅಷ್ಟೆ. ಕೈ ಅವೆಯಲ್ಲ.” ಕುಸುಮ ಸೆರಗನ್ನು ಮಡಿಲಿಂದ ತಳ್ಳಿದಳು. “ಪುಟ್ಟಜ್ಜಿಗೆ ನಾನ್ ಕಟ್ಟಿದ್ದು ಅಂತ ಈಗ ಎಂಗ್ ಕೊಡ್ಲಿ?”

ಇಂಚರ ಎದ್ದು ಜಗಲಿಗೆ ಬಂದು ಕೂತಳು. ಮೊದಲು ಬಂದದ್ದು ಕೋಪ. ಒಳ್ಳೆಯದು ಮಾಡಲು ಹೋಗಿ ಬೈಸಿಕೊಳ್ಳಬೇಕಾಯಿತಲ್ಲ. ನನ್ನ ಗಂಟು ಎಷ್ಟು ಚೆನ್ನಾಗಿದೆ, ಯಾರನ್ನಾದರೂ ಕೇಳಲಿ ಎಂದು ಗೊಣಗಿಕೊಂಡಳು.

ಆಮೇಲೆ ತಾತನ ನೆನಪು ಬಂತು. ಅವಳು ಕಲಿಯುವಾಗ ತಾತ ಒಂದು ದಿನವೂ ಸೂಪರ್ ಅಂದವರಲ್ಲ. ಕನ್ನಡಕ ಏರಿಸಿ ನೋಡಿ, ಈ ಮೂರು ಸರಿ ಇಲ್ಲ, ಬಿಚ್ಚು ಎಂದಷ್ಟೇ ಹೇಳಿ ಗುಂಡಿ ಮಗ್ಗಕ್ಕೆ ಇಳಿಯುತ್ತಿದ್ದರು. ಇಂಚರ ಮುಖ ಊದಿಸಿಕೊಂಡೇ ಬಿಚ್ಚುತ್ತಿದ್ದಳು. ತಾತ ಅವಳ ಬದಲು ಒಂದು ಗಂಟನ್ನೂ ಹಾಕಿಕೊಟ್ಟಿರಲಿಲ್ಲ. ಹಾಕಿಕೊಟ್ಟಿದ್ದರೆ ತನಗೆ ಏನನ್ನಿಸುತ್ತಿತ್ತು? ಯೋಚಿಸುತ್ತಾ ಹೋದಂತೆ ಅವಳ ಕೋಪ ಕರಗಿತು. ನಾಚಿಕೆಯಾಯಿತು.

ಅವಳು ಸೂಜಿ ಹಿಡಿದು ಒಳಗೆ ಹೋದಳು.

“ಒಂಬತ್ತೂ ಬಿಚ್ಕೊಡ್ತೀನಿ. ನೀನೇ ಕಟ್ಟು.”

ಕುಸುಮ ತಳ್ಳಿದ ಸೆರಗನ್ನು ತಡಕಿ ಮಡಿಲಿಗೆ ಎಳೆದುಕೊಂಡಳು. ಪುಟ್ಟಜ್ಜಿ ಶಾಗ್ಯಕ್ಕೆ ಹೊರಡುವುದು ನಾಲ್ಕೂವರೆ ಬಸ್ಸಿಗೆ.

“ಟೈಮ್ ಎಷ್ಟು?”

“ಮೂರೂಕಾಲು.”

“ಬಿಚ್ಚು.”

ರೇಷ್ಮೆ ಗಂಟು ಅಷ್ಟು ಸುಲಭಕ್ಕೆ ಬಿಚ್ಚುವುದಿಲ್ಲ. ಇಂಚರ ಒಂದು ಬಿಚ್ಚಿ ಕೊಟ್ಟಳು. ಕುಸುಮ ಎಳೆಗಳನ್ನು ಬೆರಳಲ್ಲಿ ಉಜ್ಜಿ, ಕಿರುಬೆರಳಿನ ಅಳತೆ ಇಟ್ಟು, ಗಂಟು ಹಾಕಿ ಕೇಳಿದಳು. “ಎಂಗದೆ?”

ಇಂಚರಳ ನಾಲಿಗೆ ತುದಿಗೆ ಹಳೆಯ ಮಾತೇ ಬಂತು. ಅದನ್ನು ನುಂಗಿಕೊಂಡಳು.

“ಕೆಳಗಾಯ್ತು. ಒಂದು ಅಕ್ಕಿ ಕಾಳಷ್ಟು ಮೇಲೆ ಬರ್ಬೇಕು.”

ಈಗ ಅಳುತ್ತಾಳೆ ಎಂದು ಇಂಚರ ಅಂದುಕೊಂಡಳು. ಕುಸುಮ ಅಳಲಿಲ್ಲ. ಕೈ ಚಾಚಿ ಸೂಜಿ ಇಸಿದುಕೊಂಡು, ತಾನೇ ಬಿಚ್ಚಿ, ಮತ್ತೆ ಕಟ್ಟಿದಳು. ಸರಿಯಾಗಿತ್ತು. ಸರಿಯಾಗಿದೆ ಎಂದು ಇಂಚರ ಹೇಳಿದಾಗ ಅವಳ ಮುಖ ಅರಳಿತು. ಎರಡು ವಾರದಿಂದ ಸೂಪರ್ ಸೂಪರ್ ಅಂದಾಗ ಒಂದು ಸಲವೂ ಹಾಗೆ ಅರಳಿದ್ದನ್ನು ಇಂಚರ ನೋಡಿರಲಿಲ್ಲ.

ಮೂರನೆಯದಕ್ಕೆ ಎಳೆ ಕಡಿಮೆ ಬಿತ್ತು. ಇಂಚರ ಹೇಳಿದಳು, ಕುಸುಮ ಬಿಚ್ಚಿದಳು. ಐದನೆಯದು ಮತ್ತೆ ಕೆಳಗಾಯಿತು. ಅದಕ್ಕೂ ಅಷ್ಟೇ. ಪುಟ್ಟಜ್ಜಿ ಬ್ಯಾಗು ತುಂಬಿಕೊಂಡು ಎರಡು ಸಲ ಬಾಗಿಲಲ್ಲಿ ಇಣುಕಿ ಹೋದರು. ಬಸ್ಸೇನು ನಮ್ಮಪ್ಪಂದಾ ನಿಂತ್ಕಳಕೆ, ಬೇಗ ಮುಗಿಸ್ರವ್ವಾ ಎಂದು ಗೊಣಗಿದರು.

ನಾಲ್ಕೂ ಹತ್ತಾಯಿತು. ಇನ್ನೂ ಎರಡು ಕುಚ್ಚು ಬಾಕಿ. ಇಂಚರಳ ಬೆರಳುಗಳು ಚಡಪಡಿಸತೊಡಗಿದವು. ಅವಳಾದರೆ ಎರಡನ್ನೂ ಎರಡು ನಿಮಿಷದಲ್ಲಿ ಮುಗಿಸುತ್ತಾಳೆ. ಕೈ ಸೆರಗಿನವರೆಗೂ ಹೋಗಿ ನಿಂತಿತು.

“ಎರಡು ಉಳಿದವೆ. ನಾನು ಕಟ್ಲಾ?” ಎಂದು ಕೇಳಿದಳು.

ಕುಸುಮ ಯೋಚನೆ ಮಾಡಿದಳು.

“ಒಂದು ನೀನ್ ಕಟ್ಟು. ಒಂದು ನಂಗಿರ್ಲಿ.”

ಇಬ್ಬರೂ ತಲೆಗೆ ತಲೆ ತಾಗುವಷ್ಟು ಬಗ್ಗಿ ಕೂತರು. ಇಂಚರ ಚಕಚಕನೆ ಕಟ್ಟಿ ಮುಗಿಸಿ ಕೈ ಕಟ್ಟಿ ಕೂತಳು. ಕುಸುಮ ನಿಧಾನವಾಗಿ ತನ್ನದನ್ನು ಬಿಗಿದಳು. ಅದು ಸರಿಯಾಗಿಯೇ ಇತ್ತು, ಇಂಚರ ಹಾಗೆಯೇ ಹೇಳಿದಳು. ಪುಟ್ಟಜ್ಜಿ ಒಳಗೆ ಬಂದು ಸೀರೆಗೆ ಕೈ ಚಾಚಿದರು.

ಅಷ್ಟರಲ್ಲಿ ಕುಸುಮಳ ಬೆರಳು ಪಕ್ಕಕ್ಕೆ ಸರಿದು ಇಂಚರಳ ಗಂಟಿನ ಮೇಲೆ ನಿಂತಿತು. ಒಮ್ಮೆ ಒತ್ತಿತು. ಒಮ್ಮೆ ಎಳೆಯಿತು. ಅವಳ ಹುಬ್ಬು ಗಂಟಾಯಿತು.

“ಸಡಿಲ ಅದೆ,” ಎಂದಳು. “ಬಿಚ್ಚು.”

ಇಂಚರ ಬಗ್ಗಿ ನೋಡಿದಳು. ಕಣ್ಣಿಗೆ ಏನೂ ಗೊತ್ತಾಗಲಿಲ್ಲ. ಉಗುರಿನಲ್ಲಿ ಎಳೆದಳು. ಗಂಟು ಜಾರಿತು. ಅವಸರಕ್ಕೆ ಬಿಗಿ ಸಾಲದಾಗಿತ್ತು.

ಹೋಗಲಿ ಬಿಡಿ, ಯಾರು ನೋಡುತ್ತಾರೆ ಎಂದು ಪುಟ್ಟಜ್ಜಿ ಗಡಿಯಾರ ನೋಡಿದರು. ಕುಸುಮ ಸೆರಗು ಬಿಡಲಿಲ್ಲ. ಒಂದ್ ನಿಮಿಷ ತಡಿ ಅಜ್ಜಿ ಎಂದಳು.

ಇಂಚರಳಿಗೆ ಸ್ವಲ್ಪವೂ ಬೇಜಾರಾಗಲಿಲ್ಲ. ಸೂಜಿ ತೆಗೆದುಕೊಂಡು, ತಲೆ ಬಗ್ಗಿಸಿ, ತನ್ನ ಗಂಟನ್ನು ಬಿಚ್ಚಿದಳು. ಈ ಸಲ ಗಟ್ಟಿಯಾಗಿ ಬಿಗಿದಳು. ಆಮೇಲೆ ಕುಚ್ಚನ್ನು ಕುಸುಮಳ ಬೆರಳಿಗೆ ಕೊಟ್ಟು, ಅವಳು ಏನು ಹೇಳುತ್ತಾಳೋ ಎಂದು ಕಾಯುತ್ತಾ ಕೂತಳು.