ಹದಿನೇಳನೆಯ ಷರತ್ತು

ಅರಿವುಮಾಪಕದ ಹಸಿರು ದೀಪ ಹತ್ತಿದ ಕೂಡಲೇ ಶೇಖಪ್ಪ ಕುಂಟೋಜಿಯವರು ಮೀಸೆ ತಿರುವಿದರು. ರೋಣದ ಕಚೇರಿಯೆದುರು ನಲವತ್ತು ವರ್ಷ ಬಾಂಡು ಬರೆದು, ಊರವರಿಗೆಲ್ಲ ಕಾಗದಪತ್ರ ಬಿಡಿಸಿ ಹೇಳಿದ ಮನುಷ್ಯ. ವಿಮೆಯ ಷರತ್ತು ತಿಳಿಯದೆ ಇದ್ದೀತೇ? ಪಾಪ, ಅದೇ ಅವರಿಗೆ ಮುಳುವಾಯಿತು.

ಅರಿವುಮಾಪಕವೆಂದರೆ ರುಮಾಲಿನಂತೆ ತಲೆಗೆ ಸುತ್ತುವ ಯಂತ್ರ. ಓದಿದ್ದು ತಲೆಗೆ ಹತ್ತಿತೋ ಇಲ್ಲವೋ ಎಂಬುದನ್ನು ಮಿದುಳಿನ ಅಲೆಗಳಿಂದ ಅಳೆಯುತ್ತದೆ. ಹತ್ತಿದರೆ ಹಸಿರು, ಇಲ್ಲದಿದ್ದರೆ ಕೆಂಪು. ಹಿರಿಯರ ಆರೋಗ್ಯ ವಿಮೆಯಲ್ಲಿ ವರ್ಷವರ್ಷವೂ ಷರತ್ತು ಬದಲಾಗಿ, ಅವರು ಆಸ್ಪತ್ರೆಯ ಬಾಗಿಲಲ್ಲಿ ಗೋಳಾಡುವುದನ್ನು ನೋಡಲಾರದೆ ಸರಕಾರ ಕಾಯಿದೆ ತಂದಿತ್ತು: ಎರಡೂ ಕಡೆಯವರಿಗೆ ತಿಳಿದರೆ ಮಾತ್ರ ಷರತ್ತು ಊರ್ಜಿತ.

ಓಣಿಯವರಿಗೆಲ್ಲ ಕೆಂಪು ಬಂತು. ಶೇಖಪ್ಪನವರ ಹೆಂಡತಿ ಬಸಲಿಂಗವ್ವ ಮೂರನೆಯ ಷರತ್ತಿಗೇ ತೂಕಡಿಸಿದ್ದಳು. ತಿಳಿಯದ ಷರತ್ತು ತಗಲದು; ಅವಳಿಗೆ ಎಲ್ಲ ಚಿಕಿತ್ಸೆಯೂ ಉಂಟು. ಈ ವರ್ಷ ಹೊಸದಾಗಿ ಸೇರಿದ ಹದಿನೇಳನೆಯ ಷರತ್ತು ಓಣಿಯಲ್ಲಿ ಶೇಖಪ್ಪನವರೊಬ್ಬರಿಗೇ ತಗುಲಿಕೊಂಡಿತು: ಕಣ್ಣಿನ ಪೊರೆ ತೆಗೆಸಲು ಎರಡು ವರ್ಷ ಕಾಯಬೇಕು. ಅವರ ಎರಡೂ ಕಣ್ಣು ಆಗಲೇ ಮಂಜಾಗಿದ್ದವು. ಇನ್ನು ಆರು ತಿಂಗಳಲ್ಲಿ ಪೇಪರಿನ ತಲೆಬರಹವೂ ಕಾಣುವುದಿಲ್ಲವೆಂದು ಡಾಕ್ಟರು ಹೇಳಿದ್ದರು.

ಯಂತ್ರ ಕಂಡುಹಿಡಿದ ವಿಜ್ಞಾನಿ ಫರೀದಾ ನದಾಫ್ ತಪಾಸಣೆಗೆ ಬಂದಾಗ ಶೇಖಪ್ಪನವರು ಅಳಲು ತೋಡಿಕೊಂಡರು. ತಿಳಿದದ್ದನ್ನು ಮರೆಸುವ ಯಂತ್ರವಿದೆಯೇ ಎಂದೂ ಕೇಳಿದರು.

"ಅದನ್ನಿನ್ನೂ ಯಾರೂ ಮಾಡಿಲ್ರಿ ಅಜ್ಜಾರ," ಎಂದಳು ಫರೀದಾ. "ಆದ್ರ ಕಂಪನಿಯವರಿಗೆ ತಿಳದೈತೇನು ಅಂತ ಯಾರರ ನೋಡ್ಯಾರೇನ್ರಿ?"

ನೋಡಿರಲಿಲ್ಲ. ವಿಮಾ ಕಂಪನಿಯ ಮ್ಯಾನೇಜರ್ ವಾದಿರಾಜ ಕಟ್ಟಿಯವರ ತಲೆಗೆ ಯಂತ್ರ ಸುತ್ತಿದರೆ ಕೆಂಪು. ಮತ್ತೆ ಸುತ್ತಿದರೂ ಕೆಂಪು. ಸೋಮವಾರ ಎಲ್ಲರೆದುರು ಕೊನೆಯ ಪರೀಕ್ಷೆ, ಅಂದೂ ಕೆಂಪಾದರೆ ಷರತ್ತು ರದ್ದು ಎಂದು ತೀರ್ಮಾನವಾಯಿತು. ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕೆಂದು ಬಸಲಿಂಗವ್ವ ಗಂಡನಿಂದ ಆಣೆ ಹಾಕಿಸಿಕೊಂಡಳು.

ಸೋಮವಾರ ಕಟ್ಟಿಯವರು ಷರತ್ತನ್ನು ಜೋರಾಗಿ ಓದಿ, ಎರಡು ವರ್ಷದವರೆಗೆ ಕಣ್ಣಿನ ಖರ್ಚೆಲ್ಲ ನಾವೇ ಕೊಡುತ್ತೇವೆ ಎಂದಿರಬೇಕು ಎಂದರು. ಶೇಖಪ್ಪನವರು ತುಟಿ ಕಚ್ಚಿಕೊಂಡರು. ಅಲ್ಲವೇ ಅಲ್ಲ, ಕಣ್ಣೇ ಇದರಲ್ಲಿ ಬರುವುದಿಲ್ಲ ಎಂದರು ಕಟ್ಟಿ. ಸರಿಯಾದ ಕಾಗದಕ್ಕೆ ತಪ್ಪು ಅರ್ಥ ಹೇಳುವುದನ್ನು ಆ ಜೀವ ಎಷ್ಟೆಂದು ತಡೆದುಕೊಂಡೀತು!

"ಅಲ್ರೀ ಸಾಹೇಬ್ರ, ಮುದುಕರು ಎರಡು ವರ್ಷ ಗ್ವಾಡಿ ಹಿಡಕೊಂಡು ಅಡ್ಡಾಡ್ಲಿ, ಅಲ್ಲೀತನಕ ನಾವು ಕೊಡೂದಿಲ್ಲ. ಇಷ್ಟ ಇದರ ಅರ್ಥ."

ಕಟ್ಟಿಯವರ ತಲೆಯ ಮೇಲಿನ ದೀಪ ಹಸಿರಾಯಿತು. ಬಸಲಿಂಗವ್ವ ಹಣೆ ಚಚ್ಚಿಕೊಂಡಳು. ಆದರೆ ಗೆದ್ದ ಕಟ್ಟಿಯವರು ಎದ್ದೇಳಲಿಲ್ಲ.

"ನಮ್ಮವ್ವಂದೂ ಇದ ಪಾಲಿಸಿ ಅದರಿ," ಎಂದರು ಮೆಲ್ಲಗೆ. "ನಾನ ಮಾಡಿಸೀನಿ. ಹದಿನೇಳನೇದಕ್ಕ ಆಕಿಗೂ ಹಸಿರ ಬಂದದ. ಹ್ವಾದ ವಾರ ಕಣ್ಣು ಕಾಣದ ಬಚ್ಚಲದಾಗ ಬಿದ್ಲು."

ಅಂದೇ ಅವರು ತಮ್ಮ ಕೈಯಾರೆ ಹದಿನೇಳನೆಯ ಷರತ್ತನ್ನು ಹೊಡೆದುಹಾಕಿದರು. ಹದಿನೈದು ದಿನಕ್ಕೆ ಶೇಖಪ್ಪನವರ ಕಣ್ಣಿನ ಪೊರೆ ತೆಗೆದದ್ದಾಯಿತು. ಪಕ್ಕದ ಮಂಚದಲ್ಲಿ ಕಟ್ಟಿಯವರ ತಾಯಿ ಇದ್ದರು. ತನ್ನ ಪಾಲಿಸಿಯಲ್ಲಿ ಇನ್ನೇನೇನಿದೆ, ಬಿಡಿಸಿ ಹೇಳಿ ಎಂದು ಆ ಮುದುಕಿ ಕೇಳಿದಾಗ ಶೇಖಪ್ಪನವರು ಆಕೆಯ ಮಗನನ್ನೂ ಎದುರಿಗೆ ಕೂರಿಸಿಕೊಂಡು ಮೊದಲಿನಿಂದ ಶುರುಮಾಡಿದರು. ಸಂಜೆಯೊಳಗೆ ಕಟ್ಟಿಯವರು ಇನ್ನೂ ನಾಲ್ಕು ಷರತ್ತು ಹೊಡೆದುಹಾಕಿದ್ದರು.